ಹೊಗೇನಕಲ್ಲಿನ ಹೊಗೆ, ನಮ್ಮ ಕೇರಿಯ ಹೊಗೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ. ಮಾತಾಡಿದ ಧಾಟಿಯಲ್ಲೇ ಅಚ್ಚು ಮಾಡಿದ್ದೇವೆ.)



ಅವ್ವಂದಿರು ಸ್ವಲ್ಪ ಮುಂದೆ ಬಂದು ಕೂತರೆ ಒಳ್ಳೇದು. ಇವತ್ತಿನ ಮಾತು ಹೆಚ್ಚಾಗಿ ನಿಮ್ಮದೇ.

ನಮ್ಮ ಸೀಮೆಯಲ್ಲಿ ಹೊಗೆ ಅಂದರೆ ಹೊರಗಿನವರಿಗೆ ನೆನಪಾಗೋದು ಹೊಗೇನಕಲ್. ಹೆಸರೇ ಕನ್ನಡ. ಹೊಗೆಯ ಕಲ್ಲು. ಕಾವೇರಿ ಬಂಡೆ ಮೇಲೆ ಬಿದ್ದು ತುಂತುರಾಗಿ ಮೇಲಕ್ಕೇಳುತ್ತೆ, ದೂರದಿಂದ ನೋಡಿದವರಿಗೆ ಕಲ್ಲೇ ಹೊಗೆಯಾಡಿದ ಹಾಗೆ ಕಾಣುತ್ತೆ. ಅದು ನೀರಿನ ಹೊಗೆ, ಮುಖ ಒಡ್ಡಿದರೆ ತಂಪು. ಬೆಂಗಳೂರಿನವರು ಅದನ್ನ ನೋಡೋಕೆ ಕಾರು ಮಾಡ್ಕೊಂಡು ಬರ್ತಾರೆ.

ಧರ್ಮಪುರಿ ಜಿಲ್ಲೆಯ ನಮ್ಮ ಜನಕ್ಕೆ ಇನ್ನೊಂದು ಹೊಗೆಯ ನೆನಪಿದೆ. 2012ರ ನವೆಂಬರ್ 7ರಂದು ನತ್ತಂ, ಅಣ್ಣಾನಗರ, ಕೊಂಡಂಪಟ್ಟಿ ಕಾಲೊನಿಗಳಲ್ಲಿ ಎದ್ದ ಹೊಗೆ. ಇನ್ನೂರಕ್ಕೂ ಹೆಚ್ಚು ಮನೆಗಳಿಗೆ ಬೆಂಕಿ ಬಿತ್ತು. ಅದನ್ನು ನಾವು ಮರೆತಿಲ್ಲ, ಮರೆಯೋದೂ ಇಲ್ಲ. ಆ ಹೊಗೆಯನ್ನು ದೇಶವೆಲ್ಲ ನೋಡಿತು. ಪೇಪರಿನವರು ಬಂದರು, ಕೇಸಾಯಿತು.

ನಾನು ಇವತ್ತು ಹೇಳೋಕೆ ಬಂದಿರೋದು ಮೂರನೇ ಹೊಗೆಯ ಬಗ್ಗೆ. ಇದನ್ನು ನೋಡೋಕೆ ಯಾರೂ ಕಾರು ಮಾಡ್ಕೊಂಡು ಬರಲ್ಲ, ಪೇಪರಿನವರೂ ಬರಲ್ಲ. ಬೀದಿ ತುದಿಯ ಕಸದ ಗುಡ್ಡೆಯಿಂದ ದಿನಾ ಏಳುತ್ತಲ್ಲ, ಆ ಹೊಗೆ. ಟಾರು ಕಾಣದ ದಾರಿಯಲ್ಲಿ ಲಾರಿ ಹೋದಾಗ ಅನ್ನದ ತಟ್ಟೆ ಮೇಲೆ ಕೂರುತ್ತಲ್ಲ, ಆ ಧೂಳು. ಇದಕ್ಕೆ ಕೇಸಿಲ್ಲ, ಲೆಕ್ಕವಿಲ್ಲ. ಲೆಕ್ಕ ಇಲ್ಲದ್ದಕ್ಕೆ ಸರ್ಕಾರದಲ್ಲಿ ದುಡ್ಡೂ ಇರಲ್ಲ.

ಮೊದಲು ಮನೆ ವಿಷಯ ಹೇಳ್ತೀನಿ. ನನ್ನವ್ವ ಇಪ್ಪತ್ತೆರಡು ವರ್ಷ ಬೀದಿ ಗುಡಿಸಿದಳು. ಯಾವ ಊರು, ಯಾವ ಆಫೀಸು ಅನ್ನೋದು ಬೇಡ. ಎಲ್ಲ ಊರಲ್ಲೂ ಕತೆ ಒಂದೇ. ಇನ್ನೂ ಕತ್ತಲಿರುವಾಗಲೇ ಏಳೋಳು. ಸೀರೆ ಮೇಲೆ ಅಪ್ಪನ ಹಳೇ ಷರ್ಟು ಹಾಕಿ, ಮೂಗಿಗೆ ಟವಲು ಸುತ್ತಿ, ಪೊರಕೆ ಹಿಡಿದು ಹೊರಡೋಳು. ಗುಡಿಸಿದ ಎಲೆ, ಕಾಗದ, ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ರಾಶಿ ಬೀಳ್ತಿತ್ತು. ಅದನ್ನ ಎತ್ತೋಕೆ ಗಾಡಿ ಬರಬೇಕು. ಎಷ್ಟೋ ದಿನ ಗಾಡಿ ಬರ್ತಿರಲಿಲ್ಲ. ಸಾಹೇಬರು ಸುತ್ತು ಬರೋ ಹೊತ್ತಿಗೆ ಬೀದಿ ಚೊಕ್ಕ ಇರಬೇಕು. ಮೇಸ್ತ್ರಿ ಹೇಳೋನು, "ಕಡ್ಡಿ ಗೀರಮ್ಮ, ಆಗೋಯ್ತು." ಅವ್ವ ಕಡ್ಡಿ ಗೀರೋಳು. ರಾಶಿ ಹೊಗೆಯಾಡೋದು. ಅದರ ಪಕ್ಕದಲ್ಲೇ ಮುಂದಿನ ಬೀದಿ ಗುಡಿಸೋಳು.

ಆಮೇಲೆ ಕೆಮ್ಮು ಶುರುವಾಯಿತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದೆ. ಎಕ್ಸ್‌ರೇ ನೋಡಿದ ಡಾಕ್ಟರು ಕೇಳಿದ ಮೊದಲ ಮಾತು, "ಬೀಡಿ ಸೇದ್ತೀಯಾ?" ಅವ್ವ ಜನ್ಮದಲ್ಲಿ ಬೀಡಿ ಮುಟ್ಟಿದವಳಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು ನನ್ನ ಕೇಳಿದಳು, "ನಾನೇನು ಸೇದಿದೆ ಮಗಾ?"

ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕೋಕೆ ಹೊರಟೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಅವ್ವ ಸೇದಿದ್ದು ಕಣ್ಣಿಗೆ ಕಾಣದ ಕಣಗಳನ್ನ. ನಮ್ಮ ತಲೆಗೂದಲು ಒಂದರ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ಸಣ್ಣ ಧೂಳನ್ನ ಪಿಎಂ 10 ಅಂತಾರೆ, ಅದು ಎದೆಗೆ ಇಳಿಯುತ್ತೆ. 2.5 ಮೈಕ್ರಾನಿಗಿಂತ ಸಣ್ಣದು ಪಿಎಂ 2.5. ಅದು ಶ್ವಾಸಕೋಶದ ತಳಕ್ಕೆ ಹೋಗಿ ರಕ್ತಕ್ಕೇ ಸೇರುತ್ತೆ. ಮೂಗಿಗೆ ಕಟ್ಟೋ ಟವಲು ಅದನ್ನ ತಡೆಯಲ್ಲ. ಸುಟ್ಟದ್ದರಿಂದ ಬರೋದು ಹೆಚ್ಚಾಗಿ ಈ ಸಣ್ಣದೇ: ಕಸ, ಸೌದೆ, ಡೀಸೆಲ್ಲು, ಕಲ್ಲಿದ್ದಲು. ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಪಿಎಂ 2.5 ನಲವತ್ತು ಮೈಕ್ರೊಗ್ರಾಂ ದಾಟಬಾರದು ಅಂತ 2009ರಿಂದ ನಮ್ಮ ದೇಶದ ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಬರೀ 5. 2019ರ ಒಂದೇ ವರ್ಷ ಭಾರತದಲ್ಲಿ 16.7 ಲಕ್ಷ ಸಾವಿಗೆ ಕೆಟ್ಟ ಗಾಳಿ ಕಾರಣ ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೆಕ್ಕ ಬಂತು.

ಸಂಘದ ಮೀಟಿಂಗಿನಲ್ಲಿ ನಾನು ಈ ವಿಷಯ ಎತ್ತಿದಾಗ ನಮ್ಮ ಚಿಕ್ಕಪ್ಪ ಒಬ್ಬರು ಗದರಿದರು. "ಮನೆಗೆ ಪಟ್ಟಾ ಇಲ್ಲ, ಸುಡುಗಾಡಿಗೆ ದಾರಿ ಇಲ್ಲ, ಓದಿದ ಹುಡುಗರಿಗೆ ಕೆಲಸ ಇಲ್ಲ. ನೀನು ಗಾಳಿ ಮಾತಾಡೋಕೆ ಬಂದ್ಯಾ? ಗಾಳಿಗೇನು ಜಾತಿ ಐತಾ?"

ಚಿಕ್ಕಪ್ಪ ಇಲ್ಲೇ ಇದ್ದಾರೆ, ಅವರ ಮೇಲೆ ಕೋಪ ಇಲ್ಲ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೇ. ಗಾಳಿಗೆ ಜಾತಿ ಇಲ್ಲ. ಕಸದ ಗುಡ್ಡೆ ಎಲ್ಲಿ ಹಾಕಬೇಕು ಅನ್ನೋ ತೀರ್ಮಾನಕ್ಕೆ ಜಾತಿ ಇದೆ. ಯಾವ ಬೀದಿಗೆ ಟಾರು ಹಾಕಬೇಕು, ಯಾವ ಬೀದಿಗೆ ಗಾಡಿ ದಿನಾ ಬರಬೇಕು, ಯಾವ ಬೀದಿಗೆ ವಾರಕ್ಕೊಮ್ಮೆ ಸಾಕು ಅನ್ನೋದಕ್ಕೆ ಜಾತಿ ಇದೆ. ಪೊರಕೆ ಯಾರ ಕೈಗೆ ಕೊಡಬೇಕು ಅನ್ನೋದಕ್ಕಂತೂ ಇದ್ದೇ ಇದೆ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಬಾಬಾಸಾಹೇಬರು ಇಳಿದರು. ನೀರಿಗೂ ಜಾತಿ ಇರಲಿಲ್ಲ ಚಿಕ್ಕಪ್ಪ, ಕೆರೆ ದಂಡೆಗೆ ಇತ್ತು. ಪಟ್ಟಾ ಬೇಕು, ದಾರಿ ಬೇಕು, ಕೆಲಸ ಬೇಕು. ಆ ಪಟ್ಟಾ ಮನೆಯಲ್ಲಿ ಕೂತು ಉಸಿರಾಡೋಕೂ ಆಗಬೇಕು.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. ಗಮನ ಇಟ್ಟು ಕೇಳಿ. ನಮಗೆ ಯಾರೂ ಹೇಳದ ವಿಷಯ ಇದು.

2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಸುಮಾರು 130 ನಗರಗಳು ಸೇರಿದವು. ತಮಿಳುನಾಡಿನಿಂದ ನಾಲ್ಕು: ಚೆನ್ನೈ, ಮಧುರೈ, ತಿರುಚಿ, ತೂತ್ತುಕುಡಿ. ಸೇಲಂ ಇಲ್ಲ. ಧರ್ಮಪುರಿಯಂತೂ ಇಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ದೊಡ್ಡ ನಗರಗಳ ಗಾಳಿಗೆ ಅಂತ 12,139 ಕೋಟಿ ರೂಪಾಯಿ ಎತ್ತಿಟ್ಟಿತು. ಸೇಲಂಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ.

ಯಾಕೆ? ಆ ಪಟ್ಟಿಗೆ ಎರಡು ಬಾಗಿಲು. ಒಂದು ತಲೆ ಲೆಕ್ಕದ ಬಾಗಿಲು. 2011ರ ಜನಗಣತಿಯಲ್ಲಿ 10 ಲಕ್ಷ ದಾಟಿರಬೇಕು. ತಿರುಚಿ ಸುತ್ತಮುತ್ತ ಸೇರಿ 10 ಲಕ್ಷ 22 ಸಾವಿರ, ಒಳಗೆ ಹೋಯಿತು. ಸೇಲಂ ಸುತ್ತಮುತ್ತ ಸೇರಿ ಸುಮಾರು 9 ಲಕ್ಷ 17 ಸಾವಿರ, ಹೊಸಿಲಲ್ಲೇ ನಿಂತಿತು. ಎರಡನೇದು ಅಳತೆಯ ಬಾಗಿಲು. ಸತತವಾಗಿ ಗಾಳಿ ಅಳೆದು, ಧೂಳು ಮಿತಿ ಮೀರಿದೆ ಅಂತ ದಾಖಲೆ ಇರಬೇಕು. ಕರ್ನಾಟಕದ ಹುಬ್ಬಳ್ಳಿ-ಧಾರವಾಡ ನೋಡಿ, ಅದೂ 10 ಲಕ್ಷ ಇಲ್ಲ, 9 ಲಕ್ಷ 43 ಸಾವಿರ. ದಾವಣಗೆರೆ, ಕಲಬುರಗಿ ಅದಕ್ಕಿಂತಲೂ ಚಿಕ್ಕವು. ಆದರೂ ಮೂರೂ ಪಟ್ಟಿಯಲ್ಲಿವೆ. ಅಳತೆಯ ಬಾಗಿಲಿನಿಂದ ಹೋದವು.

ಹಾಗಾದರೆ ಸೇಲಂನಲ್ಲಿ ಗಾಳಿ ಅಳೆಯಲ್ಲವಾ? ಅಳೀತಾರೆ. ಹಳೇ ಕೇಂದ್ರ ಸೌಡೇಶ್ವರಿ ಕಾಲೇಜಿನ ಕಟ್ಟಡದಲ್ಲಿದೆ. ಹೊಸ ತಂತ್ರದ ಯಂತ್ರ, ತಾನಾಗೇ ಲೆಕ್ಕ ಕೊಡೋದು, ಸೋನಾ ಕಾಲೇಜಿನಲ್ಲಿದೆ. ಹಳೇ ಪದ್ಧತಿಯ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಅಳೆಯಬೇಕು ಅನ್ನೋದು ನಿಯಮ. ಕಾಲೇಜಿನ ಗಾಳಿ ಅಳೆಯೋದು ಬೇಡ ಅನ್ನಲ್ಲ, ಅಲ್ಲಿ ನಮ್ಮ ಮಕ್ಕಳೂ ಓದ್ತಾರೆ. ಆದರೆ ಕಸದ ಗುಡ್ಡೆ ಪಕ್ಕದ ಗಾಳಿ ಅಳೆದವರು ಯಾರು? ಊರಿನ ಕಸವೆಲ್ಲ ಹಿಂದೆ ಎರುಮಪಾಳ್ಯಕ್ಕೆ, ಆಮೇಲೆ ಚೆಟ್ಟಿಚಾವಡಿಗೆ ಹೋಯಿತು. ಅದರ ಪಕ್ಕ ಬದುಕುವವರ ಗಾಳಿ? ಸೇಲಂನ ಬಿಳಿಕಲ್ಲಿನ ಗುಡ್ಡಗಳ ಪಕ್ಕ, ಮ್ಯಾಗ್ನೆಸೈಟ್ ಅಗೆದು ಸುಡೋ ಕಡೆಯ ಗಾಳಿ? ತೊಪ್ಪೂರು ಘಾಟಿಯಲ್ಲಿ ಲಾರಿಗಳು ಏದುಸಿರು ಬಿಡ್ತಾ ಹತ್ತುವಾಗ ರಸ್ತೆ ಬದಿ ಸೌತೆಕಾಯಿ ಮಾರೋ ಅಕ್ಕನ ಗಾಳಿ? ಊರಿನ ಸರಾಸರಿ ಅಂತ ಒಂದು ನಂಬರು ಬರುತ್ತೆ. ಆ ಸರಾಸರಿಯಲ್ಲಿ ನಮ್ಮವ್ವ ಇಲ್ಲ.

ಇನ್ನು ದುಡ್ಡು ಸಿಕ್ಕಿದ ಊರುಗಳಾದರೂ ಏನು ಮಾಡಿದವು? ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಹಾಕಿತು. ಈ ಕಾರ್ಯಕ್ರಮದ ಖರ್ಚಿನಲ್ಲಿ ನೂರಕ್ಕೆ 64 ರೂಪಾಯಿ ಹೋಗಿದ್ದು ರಸ್ತೆ ಧೂಳಿಗೆ: ಟಾರು ಹಾಕೋದು, ಗುಂಡಿ ಮುಚ್ಚೋದು, ನೀರು ಚಿಮುಕಿಸೋದು, ಗುಡಿಸೋ ಯಂತ್ರ ಕೊಳ್ಳೋದು. ಕಾರ್ಖಾನೆ ಹೊಗೆ ತಡೆಯೋಕೆ ನೂರಕ್ಕೆ ಒಂದು ರೂಪಾಯಿಯೂ ಇಲ್ಲ, 61 ಪೈಸೆ. ಅದಕ್ಕೇ ಹೇಳ್ತೀನಿ, ಪಟ್ಟಿಗೆ ಸೇರಿಸಿ ಅಂತ ಕೇಳೋದಷ್ಟೇ ಸಾಲದು. ದುಡ್ಡು ಬಂದಾಗ ಯಾವುದಕ್ಕೆ ಅನ್ನೋದನ್ನೂ ನಾವೇ ಹೇಳಬೇಕು.

ಒಂದು ಹಳೇ ಕತೆ ಹೇಳ್ತೀನಿ, ಲಂಡನ್ನಿಂದು. 1952ರ ಡಿಸೆಂಬರ್ 5ರಿಂದ ಐದು ದಿನ ಆ ಊರಲ್ಲಿ ಕಲ್ಲಿದ್ದಲ ಹೊಗೆ ಮಂಜಿನ ಜೊತೆ ಸೇರಿ ಕೆಳಗೇ ಕೂತುಬಿಟ್ಟಿತು. ಹಗಲಲ್ಲೇ ಕೈ ಕಾಣ್ತಿರಲಿಲ್ಲ. ಆಗಿನ ಲೆಕ್ಕದಲ್ಲೇ ಸುಮಾರು 4,000 ಜನ ಸತ್ತರು. ನಾಲ್ಕು ವರ್ಷ ಆದ ಮೇಲೆ, 1956ರಲ್ಲಿ, ಶುದ್ಧ ಗಾಳಿ ಕಾಯ್ದೆ ಬಂತು. ಇದು ಹೊಗೆ ಬಿಡಬಾರದ ಪ್ರದೇಶ ಅಂತ ಸಾರೋ ಅಧಿಕಾರವನ್ನ ಆ ಕಾಯ್ದೆ ಸ್ಥಳೀಯ ಕೌನ್ಸಿಲಿಗೆ ಕೊಟ್ಟಿತು. ಅಲ್ಲಿಗೇ ನಿಲ್ಲಿಸಲಿಲ್ಲ. ಹೊಗೆ ಒಲೆ ತೆಗೆದು ಹೊಗೆ ಇಲ್ಲದ ಒಲೆ ಹಾಕಿಸೋ ಖರ್ಚಿನಲ್ಲಿ ನೂರಕ್ಕೆ 70 ಭಾಗ ಸಹಾಯಧನ: 40 ಭಾಗ ಸರ್ಕಾರದ್ದು, 30 ಭಾಗ ಸ್ಥಳೀಯ ಕೌನ್ಸಿಲಿನದು. ಸುಡಬೇಡ ಅಂದವರೇ, ಸುಡದೆ ಇರೋಕೆ ಬೇಕಾದ ದುಡ್ಡನ್ನೂ ಕೊಟ್ಟರು.

ನಮ್ಮಲ್ಲಿ ಏನಾಯಿತು? ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅನ್ನೋ ಅಮ್ಮ 1996ರಲ್ಲಿ ಕಸದ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ಆ ಹೋರಾಟ ನಡೆದೂ ನಡೆದೂ 2016ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟಿತು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ, ರಾಶಿಗಟ್ಟಲೆ ಸುಟ್ಟರೆ 25,000. ಒಳ್ಳೇ ಆದೇಶ. ಆ ಅಮ್ಮನಿಗೆ ನಾವು ಕೈ ಮುಗಿಯಬೇಕು. ಆದರೆ ನಮ್ಮ ಬೀದಿಗೆ ಅದು ಹೇಗೆ ಬರುತ್ತೆ ಅಂತ ಯೋಚನೆ ಮಾಡಿ. ಕಡ್ಡಿ ಗೀರಿದ ಕೈ ಯಾರದು? ನಮ್ಮವ್ವನದು. ಗಾಡಿ ಕಳಿಸದ ಕೈ? ಅದು ದಂಡದ ಪುಸ್ತಕ ಹಿಡ್ಕೊಂಡಿರುತ್ತೆ. ದುಡ್ಡಿಲ್ಲದ ನಿಷೇಧ ಬಡವರ ಮೇಲಿನ ದಂಡ ಅಷ್ಟೇ. ಸುಡಬಾರದು ಅಂದರೆ ಗಾಡಿ ಬರಬೇಕು. ಗಾಡಿ ಬರಬೇಕು ಅಂದರೆ ಬಜೆಟ್ಟಿನಲ್ಲಿ ಇರಬೇಕು. ನಾನು ಇವತ್ತು ಹೇಳೋದರ ತಿರುಳು ಇದೇ.

ಆ ದುಡ್ಡು ಎಲ್ಲಿದೆ? ದೆಹಲಿಯ ಪಟ್ಟಿಗೆ ಕಾಯ್ತಾ ಕೂರಬೇಕಾಗಿಲ್ಲ. ನಮ್ಮ ಕೈಗೆಟುಕೋ ಜಾಗದಲ್ಲೇ ಮೂರು ಗಂಟಿವೆ.

ಮೊದಲನೇ ಗಂಟು ನಗರಸಭೆ, ಮಹಾನಗರ ಪಾಲಿಕೆಯ ಸ್ವಂತ ಬಜೆಟ್. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಊರಾಡಳಿತದ ಕೆಲಸಗಳ ಪಟ್ಟಿಯಾದ ಅದರ 12ನೇ ಪರಿಚ್ಛೇದದಲ್ಲಿ ಕಸ ವಿಲೇವಾರಿ, ಜನರ ಆರೋಗ್ಯ, ಪರಿಸರ ರಕ್ಷಣೆ ಎಲ್ಲ ಇವೆ. ಸೇಲಂ ಪಾಲಿಕೆಗೆ 60 ವಾರ್ಡು: ಸೂರಮಂಗಲಂ, ಹಸ್ತಂಪಟ್ಟಿ, ಅಮ್ಮಾಪೇಟೆ, ಕೊಂಡಲಾಂಪಟ್ಟಿ ಅಂತ ನಾಲ್ಕು ವಲಯ. ಪ್ರತಿ ವರ್ಷ ಬಜೆಟ್ ಮಂಡಿಸ್ತಾರೆ. ಅದರಲ್ಲಿ ‘ಶುದ್ಧ ಗಾಳಿ’ ಅಂತ ಒಂದು ಸಾಲು ಬರಲಿ, ಅದರ ಎದುರು ಒಂದು ಮೊತ್ತ ಬರಲಿ ಅಂತ ಕೇಳೋಣ. ಧರ್ಮಪುರಿ ನಗರಸಭೆಯಲ್ಲೂ ಅದೇ ಕೇಳೋಣ.

ಎರಡನೇ ಗಂಟು ಜಿಲ್ಲಾ ಖನಿಜ ನಿಧಿ. 2015ರಲ್ಲಿ ಗಣಿ ಕಾನೂನು ತಿದ್ದಿದರು. ಗಣಿ ನಡೆಸುವವರು ರಾಜಧನದ ಜೊತೆಗೆ ಇನ್ನಷ್ಟು ದುಡ್ಡನ್ನ ಜಿಲ್ಲೆಯ ನಿಧಿಗೆ ಕಟ್ಟಬೇಕು: ಹಳೇ ಗುತ್ತಿಗೆಯಾದರೆ ರಾಜಧನದ ನೂರಕ್ಕೆ 30 ಭಾಗ, ಹರಾಜಿನಲ್ಲಿ ಪಡೆದದ್ದಾದರೆ 10 ಭಾಗ. ಗಣಿಯಿಂದ ತೊಂದರೆಗೊಳಗಾದ ಜನಕ್ಕೇ ಅದನ್ನ ಖರ್ಚು ಮಾಡಬೇಕು. ಯಾವುದಕ್ಕೆ ಮೊದಲು ಅನ್ನೋ ಪಟ್ಟಿಯಲ್ಲಿ ಕುಡಿಯೋ ನೀರು, ಆರೋಗ್ಯ, ಪರಿಸರ ರಕ್ಷಣೆ, ಮಾಲಿನ್ಯ ತಡೆ ಅಂತ ಬರೆದೇ ಇದೆ. ಸೇಲಂನಲ್ಲಿ ಮ್ಯಾಗ್ನೆಸೈಟ್ ಇದೆ, ಧರ್ಮಪುರಿಯಲ್ಲಿ ಗ್ರಾನೈಟ್ ಇದೆ. ನಿಧಿಯ ಚಾವಿ ಕಲೆಕ್ಟರ್ ಆಫೀಸಿನಲ್ಲಿದೆ. ನಾವು ಒಂದು ಸಲವೂ ಹೋಗಿ ಕೇಳಿಲ್ಲ.

ಮೂರನೇ ಗಂಟು ನಮ್ಮ ಹೆಸರಲ್ಲೇ ಇರೋದು. 2024ರಲ್ಲಿ ತಮಿಳುನಾಡು ವಿಧಾನಸಭೆ ಪರಿಶಿಷ್ಟ ಜಾತಿ, ಪಂಗಡಗಳ ಅಭಿವೃದ್ಧಿ ಕ್ರಿಯಾ ಯೋಜನೆ ಕಾಯ್ದೆ ಮಾಡಿತು. ಜನಸಂಖ್ಯೆಗೆ ತಕ್ಕಷ್ಟು ದುಡ್ಡನ್ನ ನಮ್ಮ ಜನಕ್ಕೆ, ನಮ್ಮ ಕೇರಿಗೆ ನೇರವಾಗಿ ಉಪಯೋಗ ಆಗೋ ಹಾಗೆ ಎತ್ತಿಡಬೇಕು ಅನ್ನೋದು ಅದರ ಉದ್ದೇಶ. ಕರ್ನಾಟಕದಲ್ಲಿ ಇಂಥ ಕಾಯ್ದೆ 2013ರಲ್ಲೇ ಬಂತು. ಕೇರಿ ಬೀದಿಗೆ ಅಂಚಿನಿಂದ ಅಂಚಿಗೆ ಕಾಂಕ್ರೀಟು, ಚರಂಡಿಗೆ ಮುಚ್ಚಳ, ಸೌದೆ ಒಲೆ ಉರಿಸೋ ಮನೆಗೆ ಗ್ಯಾಸಿನ ನೆರವು, ಇವೆಲ್ಲ ಶುದ್ಧ ಗಾಳಿಯ ಕೆಲಸಗಳೇ. ಉಜ್ವಲಾ ಯೋಜನೆ 2016ರ ಮೇ 1ಕ್ಕೆ ಶುರುವಾಗಿ ಸಿಲಿಂಡರು ಬಂತು. ಅದು ಖಾಲಿಯಾದ ಮೇಲೆ ತುಂಬಿಸೋಕೆ ಕೂಲಿ ಸಾಲದೆ, ಎಷ್ಟು ಮನೆಯಲ್ಲಿ ಮತ್ತೆ ಮುಳ್ಳುಸೌದೆಗೆ ಊದುಕೊಳವೆ ಹಿಡಿದಿದ್ದೀರಿ ಅಂತ ಅವ್ವಂದಿರಿಗೇ ಗೊತ್ತು.

ದುಡಿದವರ ಹೆಸರಲ್ಲಿ ನಿಧಿ ಕಟ್ಟೋದು ಹೊಸ ಮಾತಲ್ಲ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1944ರಲ್ಲಿ, ಕಲ್ಲಿದ್ದಲು ಗಣಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. ಗಣಿಯಿಂದ ಹೊರಗೆ ಹೋಗೋ ಕಲ್ಲಿದ್ದಲ ಮೇಲೆ ಸೆಸ್ಸು. ಆ ದುಡ್ಡಲ್ಲಿ ಅದನ್ನ ಅಗೆದವರಿಗೆ ಮನೆ, ನೀರು, ಆಸ್ಪತ್ರೆ. ಯಾವ ವಸ್ತುವಿನಿಂದ ಜನಕ್ಕೆ ಕಷ್ಟವೋ, ಅದೇ ವಸ್ತುವಿನಿಂದ ಅವರಿಗೆ ದುಡ್ಡು.

ಆ ನೀತಿ ಆಮೇಲೆ ಎಲ್ಲಿ ಹೋಯಿತು ನೋಡಿ. 2010ರಲ್ಲಿ ಕಲ್ಲಿದ್ದಲ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ಸು ಹಾಕಿದರು, ಶುದ್ಧ ಇಂಧನದ ಹೆಸರಲ್ಲಿ. 2016ಕ್ಕೆ ಅದು 400 ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸು ಹೋಗಿ, ಅದರ ಜಾಗಕ್ಕೆ ಜಿಎಸ್‌ಟಿ ಪರಿಹಾರ ಸೆಸ್ಸು ಬಂತು. ಗಾಳಿಯ ಹೆಸರಿನ ದುಡ್ಡು ರಾಜ್ಯಗಳ ತೆರಿಗೆ ನಷ್ಟ ತುಂಬೋಕೆ ಹೋಯಿತು. ಇಲ್ಲೇ ಮೆಟ್ಟೂರಿನಲ್ಲಿ 1,440 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಇದೆ. ನಮ್ಮ ದೇಶದ ಕಲ್ಲಿದ್ದಲಲ್ಲಿ ಸುಮಾರು ಮೂರನೇ ಒಂದು ಭಾಗ ಬೂದಿಯೇ. ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತೆ. ಬೂದಿ ಇಲ್ಲೇ ಉಳಿಯುತ್ತೆ. ಕರೆಂಟು ಬೇಡ ಅಂತಲ್ಲ, ಈ ಸೀರಿಯಲ್ ಲೈಟು ಅದರಿಂದಲೇ ಉರೀತಿರೋದು. ಬೂದಿ ಪಕ್ಕ ಇರೋರಿಗೆ ಏನು ಪಾಲು ಅಂತ ಕೇಳೋ ಹಕ್ಕು ನಮಗಿದೆ ಅಷ್ಟೇ. ಕುಡಿಯೋ ನೀರು, ಉಸಿರಾಡೋ ಗಾಳಿ ಶುದ್ಧವಾಗಿರೋದು ಸಂವಿಧಾನದ 21ನೇ ವಿಧಿಯ ಜೀವಿಸೋ ಹಕ್ಕಿಗೆ ಸೇರಿದ್ದು ಅಂತ 1991ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ಬೇರೆಯವರನ್ನ ಕೇಳೋ ಮೊದಲು ನಮ್ಮದನ್ನೂ ಹೇಳಿಕೊಳ್ಳಬೇಕು. ತಮ್ಮಂದಿರೇ, ಬೇಜಾರು ಮಾಡ್ಕೋಬೇಡಿ. ಬೋಗಿ ಹಬ್ಬದ ಬೆಳಗಿನ ಜಾವ ನಮ್ಮ ಬೀದಿಯಲ್ಲಿ ಟೈರು ಸುಡೋರು ನಾವೇ. ತಾಮ್ರ ಸಿಗಲಿ ಅಂತ ಹಳೇ ವೈರು ಗುಡ್ಡೆ ಹಾಕಿ ಸುಟ್ಟು ಗುಜರಿಗೆ ಹಾಕೋರೂ ನಮ್ಮಲ್ಲಿದ್ದಾರೆ. ಹೊಟ್ಟೆಪಾಡು, ಗೊತ್ತು. ಆದರೆ ವೈರಿನ ಪ್ಲಾಸ್ಟಿಕ್ ಹೊಗೆಯಷ್ಟು ಕೆಟ್ಟ ಹೊಗೆ ಇನ್ನೊಂದಿಲ್ಲ, ಅದನ್ನ ಮೊದಲು ಕುಡಿಯೋದು ಅಲ್ಲೇ ಆಡ್ತಿರೋ ನಮ್ಮ ಕೂಸುಗಳು. ಚಾಕುವಿನಿಂದ ಸುಲಿದರೂ ತಾಮ್ರ ಬರುತ್ತೆ. ಸಂಘದ ದುಡ್ಡಲ್ಲಿ ವೈರು ಸುಲಿಯೋ ಒಂದು ಸಣ್ಣ ಯಂತ್ರ ತಂದಿಡೋಣ. ನಾನು ಲಂಡನ್ನಿನ ಕತೆ ಹೇಳಿದ್ದು ಅದಕ್ಕೇ. ಬೇಡ ಅಂತ ಬರೀ ಬಾಯಲ್ಲಿ ಹೇಳಬಾರದು, ದಾರಿಯನ್ನೂ ತೋರಿಸಬೇಕು. ಸರ್ಕಾರಕ್ಕೆ ಹೇಳೋ ಮಾತನ್ನ ನಮ್ಮ ಸಂಘವೂ ಪಾಲಿಸಬೇಕು.

ಈಗ ಕೆಲಸದ ಮಾತು. ಈ ವರ್ಷ ಸಂಘ ಮಾಡಬೇಕಾದ್ದು ಅಂತ ನಾಲ್ಕು ವಿಷಯ ಮುಂದಿಡ್ತೀನಿ. ಸರಿ ಅನಿಸಿದರೆ ಸಾಯಂಕಾಲದ ಸರ್ವಸದಸ್ಯರ ಸಭೆಯಲ್ಲಿ ತೀರ್ಮಾನ ಮಾಡಿ.

ಒಂದು, ಹೊಗೆ ನೋಟ್‌ಬುಕ್. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಮೂವತ್ತು ದಿನ, ಎಲ್ಲಿ ಸುಟ್ಟರು, ಎಷ್ಟು ಹೊತ್ತಿಗೆ, ಕಸದ ಗಾಡಿ ಬಂತಾ ಇಲ್ಲವಾ, ಇಷ್ಟೇ ಬರೀಬೇಕು. ಮೊಬೈಲಿನಲ್ಲಿ ಫೋಟೊ ತೆಗೀಬೇಕು. ಗುಡಿಸೋರ ಹೆಸರು ಬರೀಬಾರದು, ಅವರ ಮುಖವೂ ಫೋಟೊದಲ್ಲಿ ಬರಬಾರದು. ನಮ್ಮ ತಕರಾರು ಅವರ ಮೇಲಲ್ಲ. ಅಳತೆಯ ಬಾಗಿಲು ತೆರೆಯೋ ಮೊದಲ ಚಾವಿ ಈ ನೋಟ್‌ಬುಕ್ಕು.

ಎರಡು, ಮಾಹಿತಿ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ನಮ್ಮ ವಾರ್ಡಿಗೆ ಎಷ್ಟು ಕಸದ ಗಾಡಿ, ಎಷ್ಟು ದಿನ ಬಂದವು? ಖನಿಜ ನಿಧಿಯಲ್ಲಿ ಎಷ್ಟು ದುಡ್ಡಿದೆ, ಮಾಲಿನ್ಯ ತಡೆಗೆ ಎಷ್ಟು ಖರ್ಚಾಯಿತು? 30 ದಿನದಲ್ಲಿ ಉತ್ತರ ಕೊಡಬೇಕು.

ಮೂರು, ಸಭೆ. 2022ರ ನಿಯಮದ ಪ್ರಕಾರ ತಮಿಳುನಾಡಿನ ಪಟ್ಟಣಗಳಲ್ಲಿ ವಾರ್ಡ್ ಕಮಿಟಿ, ಏರಿಯಾ ಸಭೆ ನಡೀಬೇಕು. ಹಳ್ಳಿಯಲ್ಲಿರುವ ನಮ್ಮ ನೆಂಟರಿಗೆ ಗ್ರಾಮಸಭೆ ಇದೆ: ಗಣರಾಜ್ಯದ ದಿನ, ಮೇ 1, ಆಗಸ್ಟ್ 15, ಅಕ್ಟೋಬರ್ 2 ಹೀಗೆ. ಸಭೆ ಅಂದರೆ ಸಹಿ ಹಾಕಿ ಟೀ ಕುಡಿದು ಬರೋದಲ್ಲ. ನೋಟ್‌ಬುಕ್ ತಗೊಂಡು ಹೋಗಿ ನಿರ್ಣಯ ಬರೆಸಬೇಕು. ನಮ್ಮ ಬೀದಿಗೆ ದಿನಾ ಗಾಡಿ. ಗುಡಿಸೋರಿಗೆ ಸರಿಯಾದ ಮಾಸ್ಕು, ಗುಡಿಸೋ ಮೊದಲು ನೀರು ಚಿಮುಕಿಸೋ ವ್ಯವಸ್ಥೆ, ವರ್ಷಕ್ಕೊಮ್ಮೆ ಎದೆ ಪರೀಕ್ಷೆ. ಸುಟ್ಟದ್ದಕ್ಕೆ ದಂಡ ಅಂದರೆ ಗಾಡಿ ಕಳಿಸದವರಿಗೆ ಮೊದಲು ದಂಡ. ಕಸದ ಗುಡ್ಡೆ ಪಕ್ಕ ಒಂದು ಅಳತೆ ಯಂತ್ರ. ಬೂದಿ, ಕಲ್ಲಿನ ಲಾರಿಗಳಿಗೆ ಟಾರ್ಪಾಲು. ಈ ಐದೂ ಒಂದು ಹಾಳೆಯಲ್ಲಿ ಹಿಡಿಯುತ್ತೆ. ನಮ್ಮ ವಾರ್ಡಿನ ಶುದ್ಧ ಗಾಳಿ ನೀತಿ ಅಂದರೆ ಅದೇ. ಅದಕ್ಕೆ ದೆಹಲಿಯಿಂದ ತಜ್ಞರು ಬರಬೇಕಾಗಿಲ್ಲ.

ನಾಲ್ಕು, ಮನು. ನಮ್ಮ ಮನೆಯಲ್ಲಿ ಮಾತು ಕನ್ನಡ, ಆಫೀಸಿನಲ್ಲಿ ಬರವಣಿಗೆ ತಮಿಳು. ತಮಿಳಲ್ಲಿ ಅರ್ಜಿಗೆ ‘ಮನು’ ಅಂತಾರೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟದ್ದು ಒಂದು ಮನು. ಆ ಮನುವನ್ನ ಸುಟ್ಟವರ ಮಕ್ಕಳು ನಾವು, ಈ ಮನುವನ್ನ ಬರೆಯೋದು ಕಲೀಬೇಕು. ಸೋಮವಾರ ಕಲೆಕ್ಟರ್ ಆಫೀಸಿನಲ್ಲಿ ಕುಂದುಕೊರತೆ ಕೇಳ್ತಾರಲ್ಲ, ಅಲ್ಲಿಗೆ ನೂರು ಸಹಿ ಹಾಕಿ ತಗೊಂಡು ಹೋಗೋಣ. ಏಪ್ರಿಲ್ 14ಕ್ಕೆ ಬಾಬಾಸಾಹೇಬರಿಗೆ ಹಾರ ಹಾಕ್ತೀವಿ. ಈ ಸಲ ಹಾರದ ಜೊತೆ ಆ ಮನುವಿನ ಒಂದು ಪ್ರತಿಯನ್ನೂ ಅವರ ಪಾದದ ಹತ್ತಿರ ಇಡೋಣ.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. 2027ಕ್ಕೆ ಹೊಸ ಜನಗಣತಿ ಅಂತ ಸರ್ಕಾರ ಹೇಳಿದೆ, ಜಾತಿಯನ್ನೂ ಎಣಿಸ್ತಾರಂತೆ. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿರೋ ಅಣ್ಣ, ಬಾಡಿಗೆ ಕೋಣೆಯಲ್ಲಿರೋ ತಂಗಿ, ಗುಡಿಸಲಲ್ಲಿರೋ ಮುದುಕಮ್ಮ, ಒಬ್ಬರ ತಲೆಯೂ ಲೆಕ್ಕದಿಂದ ತಪ್ಪಬಾರದು. ಒಂದು ಸಲ ತಲೆ ಲೆಕ್ಕದಲ್ಲಿ ಕಡಿಮೆ ಬಿದ್ದದ್ದಕ್ಕೆ ಒಂದು ಬಾಗಿಲು ಮುಚ್ಚಿತು. ಇನ್ನೊಂದು ಸಲ ಮುಚ್ಚೋಕೆ ಬಿಡಬಾರದು.

ನನ್ನವ್ವ ಈಗ ಕೆಲಸಕ್ಕೆ ಹೋಗಲ್ಲ. ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಾಳೆ, ಮಲಗಿದರೆ ಉಸಿರು ಸಿಕ್ಕಲ್ಲ. "ನಾನೇನು ಸೇದಿದೆ ಮಗಾ" ಅಂತ ಕೇಳಿದ್ದಳಲ್ಲ, ಹೋದ ತಿಂಗಳು ಉತ್ತರ ಹೇಳಿದೆ. "ನೀನು ಈ ಊರಿನ ಕಸ ಸೇದಿದೆ ಕಣವ್ವ. ಊರು ಸೇದಬೇಕಾಗಿದ್ದನ್ನ ನೀನೊಬ್ಬಳೇ ಸೇದಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಹಂಗಾದ್ರೆ ಊರಿಗೆ ಹೇಳು ಹೋಗು."

ಹೇಳಿದ್ದೀನಿ. ಇನ್ನು ಪಾಲಿಕೆಗೆ, ಕಲೆಕ್ಟರಿಗೆ ಹೇಳೋಕೆ ನಾನೊಬ್ಬ ಸಾಲದು, ನೀವೂ ಬನ್ನಿ.

ಜೈ ಭೀಮ್.